ಹಾವು, ಹೂವಿನ ಗಿಡ, ಹೆಸರು ಹಿಡಿದು ಕರೆಯೋ ಹಕ್ಕಿ: ಕಾರ್ನಾಡರ ಸ್ಕ್ರೀನ್‌ಪ್ಲೇ ಕಥಿ

ಭಾಗ 1

ದೋಸ್ತರ, ಹ್ಯಾರಿ ಪಾಟರ್ ಪಿಕ್ಚರ್ ನೋಡದವರು ನಮ್ಮ ಕ್ಲಾಸಿನ್ಯಾಗ ಯಾರೂ ಇಲ್ಲ. ಬರೆದವರು ಯಾರು ಅಂತ ಕೇಳಿದ್ರ ಎಲ್ಲಾರೂ ಒಂದ ದನಿಯೊಳಗ ರೌಲಿಂಗ್ ಅಂತೀರಿ. ಕಾದಂಬರಿ ಅವರದು, ಖರೆ. ಆದರೆ ಎಂಟು ಪಿಕ್ಚರ್‌ಗಳಲ್ಲಿ ಏಳಕ್ಕೆ ಸ್ಕ್ರೀನ್‌ಪ್ಲೇ ಬರೆದವರು ಸ್ಟೀವ್ ಕ್ಲೋವ್ಸ್ ಅನ್ನೋರು. 2007ರಲ್ಲಿ ಬಂದ ಐದನೆಯದೊಂದನ್ನ ಮೈಕಲ್ ಗೋಲ್ಡನ್‌ಬರ್ಗ್ ಬರೆದರು. ದಪ್ಪ ದಪ್ಪ ಪುಸ್ತಕ ಎರಡೂವರೆ ತಾಸಿನೊಳಗ ಕೂಡಿಸಬೇಕಂದ್ರ ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ನಿರ್ಧಾರ ಮಾಡಿದ ಮನುಷ್ಯನ ಹೆಸರು ನಮಗ ಗೊತ್ತಿಲ್ಲ. ಪೋಸ್ಟರ್ ಮ್ಯಾಲೂ ಅದನ್ನ ಭೂತಗನ್ನಡಿ ಹಿಡಿದು ಹುಡುಕಬೇಕು.

ನಮ್ಮ ಕನ್ನಡದಾಗ ಇಂಥ ಕೆಲಸ ಮಾಡಿದವರು ಯಾರು ಅಂತ ಹುಡುಕಾಕ ಕುಂತೆ. ಮೊದಲ ಒಂದು ಮಾತು: ಮಾಯಾ-ಮಂತ್ರದ ಜನಪ್ರಿಯ ಕಾದಂಬರಿ ತೊಗೊಂಡು ಪಿಕ್ಚರ್ ಮಾಡೋ ಪದ್ಧತಿ ನಮ್ಮಲ್ಲಿ ಬೆಳೀಲೇ ಇಲ್ಲ. ಕಾದಂಬರಿಯಿಂದ ಬಂದ ಪಿಕ್ಚರ್ ಅಂದ್ರ ತ್ರಿವೇಣಿಯವರ 'ಬೆಳ್ಳಿ ಮೋಡ', 'ಶರಪಂಜರ', ತರಾಸು ಅವರ 'ನಾಗರಹಾವು'. ಮನಿ, ಮದುವಿ, ಮನಸ್ಸು, ಇಷ್ಟ. (ಹೆಸರು ನಾಗರಹಾವು, ಆದ್ರ ಅದ್ರಾಗ ಹಾವಿನ ಮಾಯೆ ಇಲ್ಲ, ರಾಮಾಚಾರಿಯ ಸಿಟ್ಟು ಐತಿ.) ಮಾಯೆ ಬೇಕಂದ್ರ ಮಂದಿ ಬ್ಯಾರೆ ಕಡೆ ಹೋಗತಿದ್ರು. ಹುಣಸೂರು ಕೃಷ್ಣಮೂರ್ತಿಯವರ ಪೌರಾಣಿಕ ಪಿಕ್ಚರ್ ಇದ್ದವು, 1977ರ 'ಬಭ್ರುವಾಹನ' ನಿಮ್ಮ ಅಪ್ಪಾರಿಗೆ ಬಾಯಿಪಾಠ ಇರ್ತದ. ಉಡುಪಿ ಕಡೆಯಿಂದ ಹೋದ ಬಿ. ವಿಠಲಾಚಾರ್ಯರು ತೆಲುಗಿನೊಳಗ ಮಾಂತ್ರಿಕರು, ಮಾತಾಡೋ ಪ್ರಾಣಿಗಳನ್ನ ತುಂಬಿ ದೊಡ್ಡ ಹೆಸರು ಮಾಡಿದರು.

ಅಂದ್ರ ನಮ್ಮ ಫ್ಯಾಂಟಸಿ ಪುಸ್ತಕದಂಗಡಿಯಿಂದ ಬಂದಿಲ್ಲ. ಪುರಾಣದಿಂದ, ಇಲ್ಲಾ ಅಜ್ಜಿಯ ಬಾಯಿಂದ ಬಂದೈತಿ. ಹಿಂಗಾಗಿ ಕಾದಂಬರಿಯನ್ನೂ ಅಜ್ಜಿ ಕಥಿಯನ್ನೂ ಎರಡನ್ನೂ ಪರದೆಗೆ ತಂದ ಒಬ್ಬ ಮನುಷ್ಯನ ಕಥಿ ಹೇಳತೀನಿ. ಅವರು ಓದಿದ್ದು ನಮ್ಮ ಧಾರವಾಡದಾಗ. ಹೆಸರು ಗಿರೀಶ ಕಾರ್ನಾಡ.

ನಿಮ್ಮಲ್ಲಿ ಅರ್ಧ ಮಂದಿಗೆ ಅವರು ಸಲ್ಮಾನ್ ಖಾನ್‌ನ 'ಏಕ್ ಥಾ ಟೈಗರ್'ನ ಬಾಸ್ ಅಂತ ಗೊತ್ತು. ಉಳಿದವರಿಗೆ 'ಮಾಲ್ಗುಡಿ ಡೇಸ್'ನ ಸ್ವಾಮಿಯ ಅಪ್ಪ. ಎರಡೂ ಖರೇನ. ಆದ್ರ ನಾ ಹೇಳೋದು ಅವರ ಪೆನ್ನಿನ ಕೆಲಸ.

ಭಾಗ 2

ಹುಟ್ಟಿದ್ದು 1938ರ ಮೇ 19ಕ್ಕೆ, ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಬೆಳೆದದ್ದು ಶಿರಸಿಯಲ್ಲಿ. ಅಲ್ಲಿ ರಾತ್ರಿ ಯಕ್ಷಗಾನ, ಊರಿಗೆ ಬರೋ ಕಂಪನಿ ನಾಟಕ. ರಾಕ್ಷಸ ಕುಣಿಯೋದು, ದೇವರು ಇಳಿದು ಬರೋದು ಎಲ್ಲಾ ಆ ಹುಡುಗ ಕಣ್ಣು ಬಿಟ್ಟು ನೋಡಿದ. ಆಮ್ಯಾಲೆ ಮನಿ ಧಾರವಾಡಕ್ಕೆ ಬಂತು. ಕರ್ನಾಟಕ ಕಾಲೇಜಿನೊಳಗ ಗಣಿತ ಮತ್ತ ಸ್ಟ್ಯಾಟಿಸ್ಟಿಕ್ಸ್ ತೊಗೊಂಡು 1958ರಲ್ಲಿ ಡಿಗ್ರಿ. ಸ್ಟ್ಯಾಟಿಸ್ಟಿಕ್ಸ್ ಅಂದ್ರ ನಮಗ ಬ್ಯಾಸರ, ಅದನ್ನ ಓದಿದ ಮನುಷ್ಯ ಯಯಾತಿಯ ಕಥಿ ಬರೆದ. ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕು ಆಕ್ಸ್‌ಫರ್ಡಿಗೆ ಹೋಗೋ ಹೊತ್ತಿನಾಗ ಇಂಗ್ಲಿಷ್ ಕವಿ ಆಗಬೇಕು ಅನ್ನೋ ಆಸೆ ಇತ್ತು. ರಾಜಾಜಿಯವರ ಮಹಾಭಾರತ ಓದುತಿದ್ದಾಗ ಪಾತ್ರಗಳು ತಲೆಯೊಳಗ ಮಾತಾಡಾಕ ಹತ್ತಿದವು, ಅದೂ ಕನ್ನಡದೊಳಗ. 'ಯಯಾತಿ' 1961ರಲ್ಲಿ ಪುಸ್ತಕ ಆಯ್ತು.

ಪ್ರಕಟ ಮಾಡಿದ್ದು ಮನೋಹರ ಗ್ರಂಥಮಾಲೆ. ಧಾರವಾಡದ ಸುಭಾಸ ರೋಡಿನ್ಯಾಗ ಅಡ್ಡಾಡೀರಿ, ಶರ್ಟು, ಚಪ್ಪಲಿ ತೊಗೊಂಡೀರಿ. ಅಲ್ಲೇ ಒಂದು ಅಟ್ಟ ಐತಿ. ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಬೇಂದ್ರೆ, ಕೀರ್ತಿನಾಥ ಕುರ್ತಕೋಟಿ ಇವರೆಲ್ಲಾ ಕುಂತು ಮಾತಾಡಿದ ಜಾಗ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನೂ 1965ರಲ್ಲಿ ಇವರ ತಂದರು. ಆ ಕಾದಂಬರಿಯೇ ಕಾರ್ನಾಡರ ಮೊದಲನೇ ಸ್ಕ್ರೀನ್‌ಪ್ಲೇ. ಅಂದ್ರ ಕನ್ನಡದ ಹೊಸ ಅಲೆಯ ಸಿನಿಮಾದ ಬೇರು ಒಂದು ನಮ್ಮ ಧಾರವಾಡದ ಅಟ್ಟದ ಮ್ಯಾಲೆ ಐತಿ. ಮುಂದಿನ ಸರ್ತಿ ಹೋದಾಗ ಒಮ್ಮೆ ತಲಿ ಎತ್ತಿ ನೋಡ್ರಿ.

ಭಾಗ 3

'ಸಂಸ್ಕಾರ' 1970ರ ಪಿಕ್ಚರ್. ನಿರ್ದೇಶನ ಪಟ್ಟಾಭಿರಾಮ ರೆಡ್ಡಿ, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸ್ಕ್ರೀನ್‌ಪ್ಲೇ ಬರೆದ ಕಾರ್ನಾಡರೇ ಪ್ರಾಣೇಶಾಚಾರ್ಯ ಆದರು, ನಾರಣಪ್ಪನ ಪಾತ್ರ ಪಿ. ಲಂಕೇಶ್ ಅವರದು, ಚಂದ್ರಿ ಸ್ನೇಹಲತಾ ರೆಡ್ಡಿ. ಮೊದಲು ಸೆನ್ಸಾರ್ ತಡೆ ಹಾಕಿತ್ತು. ತಡೆ ತೆಗೆದ ಮ್ಯಾಲೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂತು. ಕನ್ನಡಕ್ಕೆ ಅದು ಮೊದಲನೇದು.

ಇದ್ರಾಗ ಮಾಯೆ-ಗೀಯೆ ಏನೂ ಇಲ್ಲ, ಒಪ್ಪತೀನಿ. ಆದ್ರ ಸ್ಕ್ರೀನ್‌ಪ್ಲೇ ಬರೆಯೋರ ಕಷ್ಟ ಏನು ಅಂತ ತಿಳಿಯಾಕ ಇದಕ್ಕಿಂತ ಚಲೋ ಉದಾಹರಣೆ ಸಿಗೂದಿಲ್ಲ. ಕಾದಂಬರಿಯ ಎರಡನೇ ಅರ್ಧ ಪೂರಾ ಆಚಾರ್ಯರ ತಲೆಯೊಳಗ ನಡೀತದ. ಪುಟಗಟ್ಟಲೆ ವಿಚಾರ, ತಳಮಳ. ಕ್ಯಾಮೆರಾ ತಲೆಯೊಳಗ ಹೋಗೂದಿಲ್ಲ. ಸ್ಕ್ರೀನ್‌ಪ್ಲೇದಾಗ "ಅವನು ಯೋಚಿಸಿದ" ಅಂತ ಬರೆದ್ರ ನಿರ್ದೇಶಕ ಏನು ಶೂಟ್ ಮಾಡಬೇಕು? ಆಗ ದಾರಿಯೊಳಗ ಗಂಟು ಬೀಳೋ ಪುಟ್ಟನ ಬೆಲೆ ಗೊತ್ತಾಗ್ತದ. ಅವ ಬಾಯಿ ಮುಚ್ಚೂದಿಲ್ಲ, ಇವ ಬಾಯಿ ಬಿಡೂದಿಲ್ಲ. ಅವನ ವಟವಟದ ಎದುರಿಗೆ ಇವರ ಮೌನ ಇಟ್ಟ್ರ ಒಳಗಿನದು ಹೊರಗ ಕಾಣತದ. ಪಿಕ್ಚರ್ ನೋಡುವಾಗ ಕಾರ್ನಾಡರ ಮಾರಿ ಅಲ್ಲ, ಪುಟ್ಟನ ಬಾಯಿ ನೋಡ್ರಿ. ನನಗ ಅನ್ನಿಸಿದ್ದು ಇದು.

ಆಮ್ಯಾಲೆ ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'. ಬಿ. ವಿ. ಕಾರಂತರ ಜೋಡಿ ನಿರ್ದೇಶನ, ಇಬ್ಬರಿಗೂ ರಾಷ್ಟ್ರ ಪ್ರಶಸ್ತಿ. ವಿಷ್ಣುವರ್ಧನ್ ಪರದೆ ಮ್ಯಾಲೆ ಮೊದಲು ಕಾಣಿಸಿಕೊಂಡದ್ದೂ ಇದ್ರಾಗ, ಇನ್ನೂ ಸಂಪತ್ ಕುಮಾರ್ ಆಗಿದ್ದಾಗ. 1977ರಲ್ಲಿ ಭೈರಪ್ಪನವರದೇ 'ತಬ್ಬಲಿಯು ನೀನಾದೆ ಮಗನೆ'. ಮುಂದ 2006ರಲ್ಲಿ ಇದೇ ಭೈರಪ್ಪ, ಇದೇ ಕಾರ್ನಾಡ ಟಿಪ್ಪುವಿನ ವಿಷಯಕ್ಕೆ 'ವಿಜಯ ಕರ್ನಾಟಕ' ಪತ್ರಿಕೆಯೊಳಗ ನೇರಾನೇರ ವಾದಕ್ಕೆ ನಿಂತರು. ಒಬ್ಬರ ಕಾದಂಬರಿಯ ಒಳಗ ಹೊಕ್ಕು ವರ್ಷಗಟ್ಟಲೆ ಬದುಕಿದವರು ಅವರ ಎದುರಿಗೇ ನಿಂತರು. ಅದು ಬ್ಯಾರೆನ ಕಥಿ, ಇಲ್ಲಿ ಬ್ಯಾಡ.

ಭಾಗ 4

ನನಗ ಎಲ್ಲಕ್ಕಿಂತ ಇಷ್ಟ ಆದದ್ದು 'ಕಾಡು', 1973.

ಕಾದಂಬರಿ ಬರೆದ ಶ್ರೀಕೃಷ್ಣ ಆಲನಹಳ್ಳಿ ಅವರಿಗೆ ಆಗ ಇಪ್ಪತ್ತೈದರ ಆಚೀಚೆ. ನಮಗಿಂತ ನಾಕೈದು ವರ್ಷ ದೊಡ್ಡವರು ಅಷ್ಟ. ಕಥಿ ಕಿಟ್ಟಿ ಅನ್ನೋ ಸಣ್ಣ ಹುಡುಗನ ಕಣ್ಣಿನಿಂದ ನಡೀತದ. ಮನಿಯೊಳಗ ಚಂದ್ರೇಗೌಡ, ಅವನ ಹೆಂಡ್ತಿ ಕಮಲಿ. ಗೌಡನಿಗೆ ಪಕ್ಕದೂರಿನ್ಯಾಗ ಇನ್ನೊಬ್ಬಾಕೆ. ಎರಡು ಊರಿನ ನಡುವೆ ಕಾಡು. ಆ ಕಾಡಿನ್ಯಾಗ ಒಂದು ಹಕ್ಕಿ ಐತಿ, ಅದು ಮನುಷ್ಯರನ್ನ ಹೆಸರು ಹಿಡಿದು ಕರೀತದ, ಕರೆದವರನ್ನ ಕೊಲ್ಲತದ ಅಂತ ಊರಿನ ನಂಬಿಗಿ.

ಈಗ ನೀವ ಸ್ಕ್ರೀನ್‌ಪ್ಲೇ ಬರೀತೀರಿ ಅಂತ ಇಟ್ಕೋರಿ. ಆ ಹಕ್ಕಿ ತೋರಿಸ್ತೀರೋ ಇಲ್ಲೋ? ತೋರಿಸಿದ್ರ ಅದು ಬರೇ ಒಂದು ಪಕ್ಷಿ, ಥೇಟರಿನ್ಯಾಗ ಮಂದಿ ನಗತಾರ. ತೋರಿಸದಿದ್ರ ಹುಡುಗನ ಭಯ ಎಲ್ಲಿಂದ ಬರಬೇಕು? ಕಾರ್ನಾಡರು ಕಾಡು, ಕತ್ತಲಿ, ಸಪ್ಪಳ ಇವನ್ನ ನಂಬಿದರು. ಹಕ್ಕಿ ಐತೋ ಇಲ್ಲೋ ಅನ್ನೋದಕ್ಕ ಉತ್ತರ ಕೊಡೋ ಉಸಾಬರಿಗೆ ಹೋಗಲಿಲ್ಲ. ದೊಡ್ಡವರ ಹೊಡೆದಾಟ ಜೋರಾದಂಗ ಆ ಹಕ್ಕಿ ಖರೇನ ಐತಿ ಅನ್ನಿಸ್ತದ. ಕ್ಯಾಮೆರಾ ಗೋವಿಂದ ನಿಹಲಾನಿ, ಗೌಡನ ಪಾತ್ರ ಅಮರೀಶ್ ಪುರಿ. ಹೌದು, ಮೊಗ್ಯಾಂಬೊ! ಮೊಗ್ಯಾಂಬೊ ಆಗೋಕಿಂತ ಭಾಳ ಮೊದಲ ಅವರು ಕನ್ನಡದ ಗೌಡ ಆಗಿದ್ದರು. ಕಮಲಿ ಆದ ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ, ಕಿಟ್ಟಿ ಆದ ಜಿ. ಎಸ್. ನಟರಾಜನಿಗೆ ಅತ್ಯುತ್ತಮ ಬಾಲನಟ, ಎರಡೂ ರಾಷ್ಟ್ರ ಪ್ರಶಸ್ತಿ.

ಭಾಗ 5

ಕಾಮರ್ಸ್ ಮಂದಿ ಇಲ್ಲಿ ಸ್ವಲ್ಪ ಲಕ್ಷ್ಯ ಕೊಡ್ರಿ, ಇದು ನಮ್ಮ ಸಿಲೆಬಸ್ಸಿಗೆ ಹತ್ತಿರ ಐತಿ.

ಶ್ಯಾಮ್ ಬೆನಗಲ್ ಜೋಡಿ ಕಾರ್ನಾಡರು ಹಿಂದಿಗೂ ಬರೆದರು. 1977ರ 'ಭೂಮಿಕಾ'ಕ್ಕ ಬೆನಗಲ್, ಕಾರ್ನಾಡ, ಸತ್ಯದೇವ್ ದುಬೆ ಮೂವರಿಗೂ ಕೂಡಿ ಸ್ಕ್ರೀನ್‌ಪ್ಲೇಗೆ ರಾಷ್ಟ್ರ ಪ್ರಶಸ್ತಿ ಬಂತು. ಅದು ನಟಿ ಹಂಸಾ ವಾಡಕರ್ ಅವರ ಆತ್ಮಕಥೆಯಿಂದ ಬಂದದ್ದು. ಆಮ್ಯಾಲೆ 1981ರ 'ಕಲಿಯುಗ್'. ಮಹಾಭಾರತ ತೊಗೊಂಡು ಎರಡು ಬಿಸಿನೆಸ್ ಮನೆತನದ ಜಗಳ ಮಾಡಿದರು. ರಾಜ್ಯದ ಬದ್ಲಿ ಕಾಂಟ್ರ್ಯಾಕ್ಟು, ಸೈನ್ಯದ ಬದ್ಲಿ ಕಾರ್ಖಾನಿ. ಅಸ್ತ್ರ, ಶಾಪ, ವರ, ದೇವರು, ಎಲ್ಲಾ ತೆಗೆದು ಒಗೆದರು. ಕರ್ಣನ ರಥದ ಗಾಲಿ ನೆಲದಾಗ ಹೂತು ಹೋಗೋ ಪ್ರಸಂಗ ಗೊತ್ತಲ್ಲ? ಇಲ್ಲಿ ಕರಣ್ ಕಾರಿನ ಗಾಲಿ ಬದಲಿ ಮಾಡುವಾಗ ಸಾಯತಾನ. ಅಷ್ಟ. ಮಾಯೆ ಹೋದ್ರೂ ಕಥಿ ನಿಂತಿತು.

'ಉತ್ಸವ್' (1984) ಮಾತ್ರ ಬ್ಯಾಲೆನ್ಸ್ ಶೀಟ್ ಕೆಡಿಸಿತು. ಶೂದ್ರಕನ 'ಮೃಚ್ಛಕಟಿಕ', ವಸಂತಸೇನೆಯಾಗಿ ರೇಖಾ, ಕಾಮಸೂತ್ರ ಬರೆದ ವಾತ್ಸ್ಯಾಯನ ಬ್ಯಾರೆ ಒಂದು ಪಾತ್ರವಾಗಿ ಊರೆಲ್ಲಾ ಅಡ್ಡಾಡ್ತಾನ. ನಿರ್ಮಾಪಕ ಶಶಿ ಕಪೂರ್ ರೊಕ್ಕ ನೀರಿನಂಗ ಸುರುವಿದರು, ಕಡೀಗೆ ಖಳನಾಯಕನ ಪಾತ್ರಾನೂ ತಾವ ಮಾಡಿದರು. ಪಿಕ್ಚರ್ ಓಡಲಿಲ್ಲ, ದೊಡ್ಡ ನಷ್ಟ. ನೋಡಾಕ ಚಂದ ಐತಿ. ಆದ್ರ ಚಂದ ಇರೋದ ಅದರ ತೊಂದರೆ ಅಂತ ನನ್ನ ಅಭಿಪ್ರಾಯ. ಎಲ್ಲಾರೂ ಒಡವಿ ಅಂಗಡಿಯ ಕ್ಯಾಲೆಂಡರಿನಿಂದ ಎದ್ದು ಬಂದಂಗ ಕಾಣತಾರ.

ಭಾಗ 6

ಈಗ ಅಜ್ಜಿ ಕಥಿಗೆ ಬರೋಣ. ಇದನ್ನ ಹೇಳಾಕ ಇಷ್ಟು ದೂರ ಬಂದೀನಿ.

ಎ. ಕೆ. ರಾಮಾನುಜನ್ ಅಂತ ಕವಿ, ಮೈಸೂರಿನವರು, 1929ರಲ್ಲಿ ಹುಟ್ಟಿದವರು. ಶಿಕಾಗೋಕ್ಕೆ ಹೋಗೋಕಿಂತ ಮೊದಲು ಬೆಳಗಾವಿಯ ಲಿಂಗರಾಜ ಕಾಲೇಜಿನೊಳಗ ಇಂಗ್ಲಿಷ್ ಕಲಿಸತಿದ್ರು. ಹೆಣ್ಣುಮಕ್ಕಳು ಅಡಗಿಮನಿಯೊಳಗ ಮಕ್ಕಳಿಗೆ ಉಣಿಸುವಾಗ ಹೇಳೋ ಕಥಿಗಳನ್ನ ಬರೆದುಕೊಳ್ಳೋದು ಅವರ ಹುಚ್ಚು. ಹಂಗ ಸಿಕ್ಕದ್ದರಾಗ ಒಂದು, ಹೂವಿನ ಗಿಡ ಆಗೋ ಹುಡುಗಿಯ ಕಥಿ. ಬಡವರ ಮನಿ. ಒಂದು ಕೊಡ ನೀರು ಸುರುವಿದ್ರ ಹುಡುಗಿ ಗಿಡ ಆಗತಾಳ. ಎಲಿಗೆ, ಟೊಂಗಿಗೆ ನೋವಾಗದಂಗ ಹೂವು ಬಿಡಿಸಿಕೊಂಡು ಇನ್ನೊಂದು ಕೊಡ ಸುರುವಿದ್ರ ಮತ್ತ ಹುಡುಗಿ. ಹೂವು ಮಾರಿ ಮನಿ ನಡೀತದ. ದೊಡ್ಡ ಮನಿಗೆ ಮದುವಿ ಆಗತದ. ಅಲ್ಲಿ ನಾದಿನಿ ತೋಟಕ್ಕೆ ಕರ್ಕೊಂಡು ಹೋಗಿ, ಗಿಡ ಆಗು ಅಂತ ಗಂಟು ಬಿದ್ದು, ಟೊಂಗಿ ಮುರಿದು ಬಿಟ್ಟು ಬರ್ತಾಳ. ಹುಡುಗಿ ಅರ್ಧ ಮನುಷ್ಯಳು, ಅರ್ಧ ಕೊರಡು.

ನಮ್ಮ ಆಯಿ, ಅಂದ್ರ ಅವ್ವನ ಅವ್ವ, ಇಲ್ಲೇ ಮಿಶ್ರಿಕೋಟಿಯೊಳಗ ಇದನ್ನ ಹೇಳತಾಳ. ಆಕಿ ಕಾಲೇಜಿನ ಮೆಟ್ಟಲಾ ಹತ್ತಿಲ್ಲ, ರಾಮಾನುಜನ್ ಹೆಸರೂ ಕೇಳಿಲ್ಲ. ಆಕಿ ಕಥಿಯೊಳಗ ಗಿಡ ಮಲ್ಲಿಗಿಯದು. "ಮೆಲ್ಲಗ ಬಿಡಸ್ಬೇಕವಾ, ಚಿವುಟಬಾರ್ದು" ಅನ್ನುವಾಗ ನನ್ನ ತಂಗಿಯ ಕೈ ಹಿಡಿದು ಮುಂಗೈಯಿಂದ ಹೂವು ಬಿಡಿಸಿದಂಗ ಮಾಡಿ ತೋರಿಸ್ತಾಳ. ಅದು ಯಾವ ಪುಸ್ತಕದಾಗೂ ಇಲ್ಲ.

1992ರಲ್ಲಿ ಕಾರ್ನಾಡರು ಇದನ್ನ 'ಚೆಲುವಿ' ಅಂತ ಪಿಕ್ಚರ್ ಮಾಡಿದರು. ಸೋನಾಲಿ ಕುಲಕರ್ಣಿ ಅವರಿಗೆ ಮೊದಲನೇ ಪಿಕ್ಚರ್. ಜನಪದ ಕಥಿಯೊಳಗ ಗಂಡ ಮುರಿದ ಟೊಂಗಿ ಜೋಡಿಸಿ ನೀರು ಹಾಕತಾನ, ಹೆಂಡ್ತಿ ಮತ್ತ ಮೊದಲಿನಂಗ ಆಗತಾಳ. ಕಾರ್ನಾಡರು ಆ ಸುಖಾಂತ್ಯ ಕೊಡಲಿಲ್ಲ. ಮುರಿದದ್ದು ಮುರಿದಂಗ. ಪರಿಸರದ ವಿಷಯಕ್ಕೆ ರಾಷ್ಟ್ರ ಪ್ರಶಸ್ತಿ ಬಂತು.

ಇಲ್ಲಿ ನಿಮ್ಮನ್ನ ಒಂದು ಕೇಳತೀನಿ. ಸ್ಕ್ರೀನ್‌ಪ್ಲೇ ಬರೆಯೋರಿಗೆ ಅಜ್ಜಿಯ ಕಥಿಯ ಕೊನಿ ಬದಲಿಸೋ ಹಕ್ಕು ಐತೇನು? ರೌಲಿಂಗ್ ಕಥಿ ಬದಲಿಸಿದ್ರ ಅವರು ಫೋನ್ ಮಾಡಿ ಬೈಬಹುದು. ಅಜ್ಜಿಗೆ ಕಾಪಿರೈಟ್ ಇಲ್ಲ. ನಾ ಭಾಳ ದಿನ ಕಾರ್ನಾಡರ ಮ್ಯಾಲೆ ಸಿಟ್ಟಾಗಿದ್ದೆ, ಯಾಕಂದ್ರ ಕಥಿ ಹೇಳೋ ಹೆಣ್ಣುಮಕ್ಕಳು ಆ ಕೊನಿಯನ್ನ ಸುಮ್ಮನ ಇಟ್ಟಿಲ್ಲ. ತವರು ಬಿಟ್ಟು ಹೋಗೋ ಹುಡುಗಿಗೆ ಹೇಳೋ ಕಥಿ ಅದು, ಮುರಿದ್ರೂ ಕೂಡಸ್ತಾರ ಅನ್ನೋ ಧೈರ್ಯ ಬೇಕಲ್ಲ. ಆದ್ರ ಕಾರ್ನಾಡರು ಆ ಕಥಿ ಹುಡುಗಿಗೆ ಹೇಳ್ತಿಲ್ಲ, ಟೊಂಗಿ ಮುರಿಯೋರಿಗೆ ಹೇಳ್ತಾರ. ಅವರಿಗೆ ಧೈರ್ಯ ಕೊಟ್ಟು ಏನು ಮಾಡೋದು? ಕಲಘಟಗಿ ಕಡೆ ಅಡವಿ ಹೋಗೋ ಪರಿ ನೋಡಿದ್ರ ನಿಮಗೂ ಇದು ತಿಳೀಬಹುದು. ಆದ್ರೂ ನಮ್ಮ ಆಯಿಗೆ ಈ ಪಿಕ್ಚರಿನ ಕೊನಿ ನಾ ಇನ್ನೂ ಹೇಳಿಲ್ಲ.

ಇದೇ ಕಥಿ 2006ರಲ್ಲಿ ವಿಯೆನ್ನಾದಾಗ ಜಾನ್ ಆಡಮ್ಸ್ ಅನ್ನೋ ಅಮೆರಿಕದ ಸಂಗೀತಗಾರರ ಆಪೆರಾ ಆಯ್ತು, ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ ಆಧಾರದ ಮ್ಯಾಲೆ. ರಾಮಾನುಜನ್ 1993ರಲ್ಲೇ ತೀರಿಕೊಂಡಿದ್ರು.

ಭಾಗ 7

ಕೊನೇದು 'ನಾಗಮಂಡಲ'. ಇಲ್ಲಿ ಆಟ ತಿರುಗತದ. ಬ್ಯಾರೆಯವರ ಕಥಿ ಬದಲಿಸಿದ ಕಾರ್ನಾಡರ ಕಥಿಯನ್ನ ಇನ್ನೊಬ್ಬರು ಪಿಕ್ಚರಿಗೆ ತಂದರು.

ನಾಟಕ 1988ರದ್ದು, ಅವರು ಶಿಕಾಗೋ ವಿಶ್ವವಿದ್ಯಾಲಯದೊಳಗ ಇದ್ದ ಕಾಲಕ್ಕೆ ಬರೆದದ್ದು. ಇದ್ರಾಗ ಎರಡು ಜನಪದ ಕಥಿ ಐತಿ, ಎರಡೂ ರಾಮಾನುಜನ್ ಅವರಿಂದ ಕೇಳಿದ್ದು. ಒಂದು ನಿಮಗ ಗೊತ್ತು: ಗಂಡ ಹೊರಗ ಕೀಲಿ ಹಾಕಿ ಹೋಗತಾನ, ರಾತ್ರಿ ನಾಗಪ್ಪ ಗಂಡನ ರೂಪ ತೊಗೊಂಡು ಬರ್ತಾನ. ಇಂಥದ್ದ ಕಥಿ ರಾಜಸ್ಥಾನದಾಗ ಭೂತದ ಮ್ಯಾಲೆ ಐತಿ, ವಿಜಯದಾನ ದೇಥಾ ಬರೆದದ್ದು. ಶಾರುಖ್‌ನ 'ಪಹೇಲಿ' ಅದ.

ಎರಡನೇ ಕಥಿ ಕಡಿಮಿ ಮಂದಿಗೆ ಗೊತ್ತು. ಒಬ್ಬಾಕಿಗೆ ಒಂದು ಕಥಿ, ಒಂದು ಹಾಡು ಬರ್ತಿತ್ತು. ಯಾರಿಗೂ ಹೇಳ್ತಿದ್ದಿಲ್ಲ. ಒಳಗ ಕುಂತು ಉಸಿರುಗಟ್ಟಿದ ಕಥಿ, ಹಾಡು ಒಂದಿನ ಆಕಿ ಬಾಯಿ ತೆರೆದು ಮಲಗಿದಾಗ ಹೊರಗ ಬಿದ್ದು, ಸೇಡಿಗೆ ಒಂದು ಜೋಡು ಬೂಟು, ಒಂದು ಕೋಟು ಆಗಿ ಬಾಗಲದಾಗ ನಿಂತವು. ಗಂಡ ಬಂದು, ಯಾರವು ಇವು ಅಂತ ಜಗಳ ತೆಗೆದ. ಸಿಟ್ಟಿಲೆ ಹೋಗಿ ಹನುಮಪ್ಪನ ಗುಡಿಯೊಳಗ ಮಲಗಿದ. ಅಲ್ಲಿ ಊರಿನ ದೀಪದ ಕುಡಿಗಳೆಲ್ಲಾ ರಾತ್ರಿ ಕೂಡಿ ಹರಟಿ ಹೊಡಿಯೋದನ್ನ ಕೇಳಿ ಖರೆ ತಿಳ್ಕೊಂಡ. ತಿರುಗಿ ಬಂದು ಕೇಳಿದ್ರ ಆಕಿಗೆ ಕಥಿನೂ ನೆನಪಿಲ್ಲ, ಹಾಡೂ ನೆನಪಿಲ್ಲ.

ಕಾರ್ನಾಡರು ಏನು ಮಾಡಿದರು ನೋಡ್ರಿ. ಬೂಟು, ಕೋಟು ತೆಗೆದು ಕಥಿಯನ್ನ ಒಬ್ಬ ಹೆಣ್ಣುಮಗಳನ್ನಾಗಿ ಮಾಡಿದರು, ಹಾಡನ್ನ ಆಕಿ ಉಟ್ಟ ಸೀರಿ ಮಾಡಿದರು. ಹೆಣ್ಣಿನ ರೂಪದಾಗ ಬಂದ ಆ ಕಥಿಯ ಬಾಯಿಲೆ ನಾಗಪ್ಪನ ಕಥಿ ಹೇಳಿಸಿದರು. ಎರಡು ಕಥಿ ಒಂದಕ್ಕೊಂದು ಹೊಲಿದದ್ದು ಹಿಂಗ. ಹೊಲಿಗಿ ಕಾಣೂದಿಲ್ಲ.

1997ರಲ್ಲಿ ಟಿ. ಎಸ್. ನಾಗಾಭರಣ ಇದನ್ನ ಪಿಕ್ಚರ್ ಮಾಡಿದರು. ಪ್ರಕಾಶ್ ರೈ ಗಂಡಾನೂ ಹೌದು, ನಾಗಪ್ಪಾನೂ ಹೌದು. ರಾಣಿ ಆದಾಕಿ ವಿಜಯಲಕ್ಷ್ಮಿ, ಕುರುಡವ್ವ ಬಿ. ಜಯಶ್ರೀ. ಹಾವು ಮನುಷ್ಯ ಆಗೋದನ್ನ ಇವತ್ತಿನಂಗ ಕಂಪ್ಯೂಟರಿನ್ಯಾಗ ಕೂತು ಮಾಡೋ ಕಾಲ ಅಲ್ಲ ಅದು. ಹಗಲಿನ ಪ್ರಕಾಶ್ ರೈ, ರಾತ್ರಿಯ ಪ್ರಕಾಶ್ ರೈ, ಒಂದ ಮಾರಿ. ದನಿ ಬ್ಯಾರೆ, ಕಣ್ಣು ಬ್ಯಾರೆ. ಗ್ರಾಫಿಕ್ಸಿನ ಕೆಲಸ ಎಲ್ಲಾ ಅಲ್ಲೇ ಮುಗೀತು. ಸಿ. ಅಶ್ವಥ್ ಸಂಗೀತ, ಹಾಡು ಗೋಪಾಲ ಯಾಜ್ಞಿಕ್. ಅದು ಗೋಪಾಲ ವಾಜಪೇಯಿ ಅವರ ಇನ್ನೊಂದು ಹೆಸರು. ನಮ್ಮ ಲಕ್ಷ್ಮೇಶ್ವರದ ಕಡೆಯವರು, ಹುಬ್ಬಳ್ಳಿಯೊಳಗ ಪತ್ರಿಕೆಯ ಕೆಲಸ ಮಾಡಿದವರು.

ಮಾತು ಪೂರಾ ನಮ್ಮ ಕಡೇವು. ಇದು ಸಣ್ಣ ವಿಷಯ ಅಲ್ಲ. ಕನ್ನಡ ಪಿಕ್ಚರಿನ್ಯಾಗ "ಹ್ವಾದ್ರಿ, ಏನ್ರಿಪಾ" ಅನ್ನೋರು ಯಾರಿರ್ತಾರ? ಕಾಮೆಡಿ ಮಾಡೋರು, ಅಡಗಿ ಭಟ್ಟರು, ಇಲ್ಲಾಂದ್ರ ಬೆಂಗಳೂರಿಗೆ ಬಂದು ದಾರಿ ತಪ್ಪಿದ ಮಂದಿ. ಕಾಲೇಜಿನ ಟೂರಿಗೆ ದಕ್ಷಿಣಕ್ಕ ಹೋದಾಗ ನಾವು ಬಾಯಿ ತೆರೆದ್ರ ಎದುರಿನವರು ನಗಾಕ ಶುರು ಮಾಡ್ತಾರ, ಅನುಭವ ನಿಮಗೂ ಐತಿ. 'ನಾಗಮಂಡಲ'ದೊಳಗ ಪ್ರೀತಿ, ಅಂಜಿಕಿ, ಆಣಿ-ಪ್ರಮಾಣ, ಹೆಣ್ಣುಮಗಳೊಬ್ಬಾಕಿ ಊರಿನ ಪಂಚರ ಎದುರಿಗೆ ಹುತ್ತದಾಗ ಕೈ ಹಾಕೋ ಧೈರ್ಯ, ಎಲ್ಲಾ ಇದ ಮಾತಿನ್ಯಾಗ ನಡೀತದ. ಯಾರೂ ನಗೂದಿಲ್ಲ.

1999ರಲ್ಲಿ ಕುವೆಂಪು ಅವರ 'ಕಾನೂರು ಹೆಗ್ಗಡತಿ'ಯನ್ನ ಕಾರ್ನಾಡರು ತಾವೇ ಪಿಕ್ಚರ್ ಮಾಡಿದರು. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿನೂ ಬಂತು. ನನಗ ಅಷ್ಟು ಹಿಡಿಸಲಿಲ್ಲ. ಅಷ್ಟು ದೊಡ್ಡ ಕಾದಂಬರಿಯ ಮಳಿ, ಅಡವಿ, ನಾಯಿ, ಆಳು-ಕಾಳು ಎಲ್ಲಾ ಕೈಬಿಟ್ಟು ಹೋದಂಗ ಅನ್ನಿಸ್ತು. ಕ್ಲೋವ್ಸ್‌ಗೂ ಇದೇ ಬೈಗಳ ಬಿದ್ದಿರ್ತಾವು.

2019ರ ಜೂನ್ 10ಕ್ಕೆ ಕಾರ್ನಾಡರು ಹೋದರು. ತಾವು ಹೇಳಿಟ್ಟಂಗ ಸರಕಾರಿ ಗೌರವ, ವಿಧಿ-ವಿಧಾನ ಏನೂ ಇಲ್ಲದ ಅಂತ್ಯಕ್ರಿಯೆ. ಆತ್ಮಕಥೆ 'ಆಡಾಡತ ಆಯುಷ್ಯ' 2011ರಲ್ಲಿ ಅದೇ ಸುಭಾಸ ರೋಡಿನ ಅಟ್ಟದಿಂದ ಬಂದದ್ದು. ನಿಮ್ಮ ಕಾಲೇಜಿನ ಲೈಬ್ರರಿಯೊಳಗ ಕೇಳಿ ನೋಡ್ರಿ.

ಇನ್ನೊಂದು ಕೆಲಸ ಐತಿ. ದೀಪಾವಳಿ ರಜಾಕ್ಕ ಊರಿಗೆ ಹೋದಾಗ ಹೂವಿನ ಗಿಡದ ಕಥಿ ಹೇಳು ಅಂತ ನಿಮ್ಮ ಆಯಿಗೆ, ಅಮ್ಮಗ ಕೇಳ್ರಿ. ಯಾವ ಹೂವು, ಟೊಂಗಿ ಯಾರು ಮುರೀತಾರ, ಕಡೀಗೆ ಹುಡುಗಿ ಏನಾಗತಾಳ, ಅಷ್ಟು ಫೋನಿನ್ಯಾಗ ರೆಕಾರ್ಡ್ ಮಾಡಿ ನನಗ ಕಳಸ್ರಿ. ಅಣ್ಣಿಗೇರಿಯ ಒಬ್ಬ ಗೆಳತಿ ಆಗಲೇ ಕಳಿಸ್ಯಾಳ. ಅವರ ಮನಿಯೊಳಗ ಅದು ಸಂಪಿಗಿ, ಟೊಂಗಿ ಮುರಿಯಾಕಿ ನಾದಿನಿ ಅಲ್ಲ, ಅತ್ತಿ!

#ಧಾರವಾಡ #ಮಿಶ್ರಿಕೋಟಿ #ಗಿರೀಶಕಾರ್ನಾಡ #ನಾಗಮಂಡಲ #ಅಜ್ಜಿಕಥಿ